ರೇಷನ್ ಸಾಲಿನಲ್ಲಿ 40 ಸೆಕೆಂಡು: ಯೋಜನೆಯ ಮಾಹಿತಿ ಊರಿಗೆ ಮುಟ್ಟಿಸಿದ ನನ್ನ ಅನುಭವ

ಯಾದಗಿರಿ, ಶಹಾಪುರ, ಸುರಪುರ ಕಡೆಯ ಹಳ್ಳಿಗಳಲ್ಲಿ ಗೃಹಲಕ್ಷ್ಮಿಯ ಹೆಸರು ಕೇಳದವರು ಈಗ ಯಾರೂ ಇಲ್ಲ. ಸಂಧ್ಯಾ ಸುರಕ್ಷಾ, ಫಸಲ್ ಬಿಮಾ, ಕಾರ್ಮಿಕ ಕಾರ್ಡು ಎಲ್ಲದರ ಹೆಸರೂ ಗೊತ್ತು. ಗೊತ್ತಿಲ್ಲದಿರೋದು ರೊಕ್ಕ ಎಲ್ಲಿ ಸಿಕ್ಕೊಂಡಿದೆ, ಯಾವ ಕಾಗದ ಹಿಡಿದು ಯಾವ ಕಿಟಕಿಗೆ ಹೋಗಬೇಕು ಅನ್ನೋದು. ಹಂಗಾಗಿ ನಾನು ಯೋಜನೆಗಳ ಪ್ರಚಾರ ಬಿಟ್ಟು ಅಡಚಣೆಗಳ ಪ್ರಚಾರ ಹಿಡಿದೆ. ಒಂದು ಅಡಚಣೆಗೆ ಒಂದು ಧ್ವನಿ ಕ್ಲಿಪ್, 40 ಸೆಕೆಂಡಿಗಿಂತ ಹೆಚ್ಚಿಲ್ಲ, ಆ ಊರಿನ ಮಾತಿನಲ್ಲಿ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಸ್ಪೀಕರಿನಲ್ಲಿ ಹಚ್ಚೋದು. "ಆ್ಯಪ್ ಕಾಲದಾಗ ಸ್ಪೀಕರ್ ಹೊತ್ಕೊಂಡು ಹೊಂಟೀರಲ್ರಿ" ಅಂತ ನಕ್ಕವರು ಬಹಳ ಮಂದಿ. ಅವರಲ್ಲೇ ನಾಲ್ಕೈದು ಮಂದಿ ಈಗ ಪೆನ್‌ಡ್ರೈವ್ ಕಾಪಿ ಮಾಡಿಕೊಂಡು ಹೋಗಿದ್ದಾರೆ.

ಮೊದಲು ರೊಕ್ಕ ಕರಗಿದ ದಾರಿಗಳನ್ನು ಹೇಳಿಬಿಡ್ತೀನಿ, ಯಾಕಂದ್ರೆ ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ.

ಬಲ್ಕ್ ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಉದ್ದವಾದರೆ ಒಂದೊಂದು ತುಂಡಿಗೆ 67. ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ ಆಗುತ್ತೆ. "ಗೃಹಲಕ್ಷ್ಮಿ" ಕಣ್ಣಿಗೆ ನಾಲ್ಕೇ ಅಕ್ಷರ, ಸಂದೇಶ ಕಳಿಸೋ ಗೇಟ್‌ವೇ ಲೆಕ್ಕಕ್ಕೆ 10. ಕಾಗದಗಳ ಹೆಸರು ಬರೆಯೋಷ್ಟರಲ್ಲಿ ಮೂರು ತುಂಡು, ಅಂದ್ರೆ ಒಬ್ಬರಿಗೆ ಅರ್ಧ ರೂಪಾಯಿ ಆಸುಪಾಸು. ಅದಕ್ಕೂ ಮೊದಲು ಡಿಎಲ್‌ಟಿ (ಬಲ್ಕ್ ಸಂದೇಶ ಕಳಿಸೋರು ಟೆಲಿಕಾಂ ಕಂಪನಿಯಲ್ಲಿ ಹೆಸರು ದಾಖಲಿಸೋ ವ್ಯವಸ್ಥೆ) ನೋಂದಣಿಗೆ ಐದಾರು ಸಾವಿರ, ಆಮೇಲೆ ಟೆಂಪ್ಲೇಟ್, ಅಂದ್ರೆ ಸಂದೇಶದ ಮಾದರಿಯ ಒಪ್ಪಿಗೆಗೆ ಕಾಯೋದು. ಒಂದು ಪದ ಬದಲಾದರೂ ಮತ್ತೆ ಒಪ್ಪಿಗೆ. ಇಷ್ಟೆಲ್ಲ ಆಗಿ ಹೋದ ಸಂದೇಶ ಹಳೇ ಕೀಪ್ಯಾಡ್ ಫೋನಿನಲ್ಲಿ ಬರೀ ಚೌಕ ಚೌಕ. ಸರಿಯಾಗಿ ಮೂಡಿದ್ದನ್ನೂ ಓದೋರು ಯಾರು, ರೀಚಾರ್ಜ್ ಜಾಹೀರಾತಿನ ಸಂಗಡ ಅದೂ ಅಳಿಸಿ ಹೋಗುತ್ತೆ.

ಕ್ಯೂಆರ್ ಪೋಸ್ಟರ್ ಇನ್ನೂ ಬೇಗ ಸೋತಿತು. ಸ್ಮಾರ್ಟ್ ಫೋನ್ ಇರೋದು ಮಗನ ಕಿಸೆಯಲ್ಲಿ, ಮಗ ಇರೋದು ಪುಣೆ ಇಲ್ಲಾ ಬೆಂಗಳೂರಿನಲ್ಲಿ. ಪಂಚಾಯತಿ ಗೋಡೆ ಮುಂದೆ ನಿಂತು ಸ್ಕ್ಯಾನ್ ಮಾಡೋರು ಕಾಲೇಜು ಹುಡುಗರು, ಅವರಿಗೆ ಪಿಂಚಣಿ ಬೇಕಾಗಿಲ್ಲ.

ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಬಂದು ಮಾಹಿತಿ ಹೇಳೋ ವ್ಯವಸ್ಥೆ ಮೇಲೆ ನನಗೆ ಬಹಳ ಭರವಸೆ ಇತ್ತು. ನಿಮಿಷಕ್ಕೆ 50–60 ಪೈಸೆ, ದುಬಾರಿ ಅಲ್ಲ. ಅದು ಕೆಟ್ಟಿದ್ದು ಮೂರು ಕಡೆ. ಪ್ಯಾಕ್ ಮುಗಿದ ಸಿಮ್ಮಿನಲ್ಲಿ ಹೊರಹೋಗುವ ಕರೆಯೇ ಬಂದ್, ಮಿಸ್ಡ್ ಕಾಲ್ ಕೊಡೋಕೂ ಆಗಲ್ಲ. ನಮಗೆ ಬೇಕಾದ ಮುದುಕರ ಫೋನು ವರ್ಷದ ಅರ್ಧ ಭಾಗ ಅದೇ ಸ್ಥಿತಿಯಲ್ಲಿರುತ್ತೆ. ಎರಡನೆಯದು, ವಾಪಸ್ ಕರೆ 080ರಿಂದ ಬಂತು. 080 ನೋಡಿದರೆ ಸಂಘದ ಸಾಲದ ವಸೂಲಿಯವರು ಅಂತ ಹೆಣ್ಣುಮಕ್ಕಳು ಎತ್ತೋದೇ ಇಲ್ಲ. 08473ರ ಸ್ಥಳೀಯ ನಂಬರಿಗೆ ಬದಲಾಯಿಸಿದ ಮೇಲೆ ಎತ್ತೋರು ದುಪ್ಪಟ್ಟಾದರು, ಇದನ್ನು ಗುರುತು ಹಾಕಿಕೊಳ್ಳಿ. ಮೂರನೆಯದು, "ಒಂದನ್ನು ಒತ್ತಿ, ಎರಡನ್ನು ಒತ್ತಿ". ಫೋನು ಕಿವಿಯಿಂದ ತೆಗೆದು ಬಟನ್ ಹುಡುಕೋಷ್ಟರಲ್ಲಿ ಮೆನು ಮುಗಿದಿರುತ್ತೆ. ಈಗ ಆ ಲೈನ್ ಇಟ್ಟಿದ್ದೀನಿ, ಆದರೆ ಒತ್ತೋದು ಏನೂ ಇಲ್ಲ. ತಿಂಗಳ ಕ್ಲಿಪ್ ಒಂದೇ ಕೇಳಿಸುತ್ತೆ, ಬೀಪ್ ಆದ ಮೇಲೆ ಪ್ರಶ್ನೆ ಇದ್ದರೆ ಮಾತಾಡಬಹುದು. ಮುಂದಿನ ಕ್ಲಿಪ್‌ಗಳ ವಿಷಯ ನನಗೆ ಸಿಗೋದು ಆ ಪ್ರಶ್ನೆಗಳಿಂದಲೇ.

ಇನ್ನು ಕ್ಲಿಪ್. ಜಾಸ್ತಿ ಓಡಿದ್ದು ಇದು:

"ಅಕ್ಕೋರೆ, ಓಣ್ಯಾಗ ಎಲ್ಲಾರಿಗಿ ಗೃಹಲಕ್ಷ್ಮಿ ರೊಕ್ಕ ಬಂದು ನಿಮಗಷ್ಟೇ ಬಂದಿಲ್ಲೇನ್ರಿ? ಹೊಸಾ ಅರ್ಜಿ ಹಾಕಬ್ಯಾಡ್ರಿ. ನಿಮ್ಮ ಆಧಾರ ಕಡೀಕ ಯಾವ ಬ್ಯಾಂಕಿಗಿ ಜೋಡಾಗ್ಯದೋ ರೊಕ್ಕ ಅಲ್ಲಿಗೇ ಹೋಗ್ತದ. ಸಿಮ್ ತಗೋವಾಗ, ಸಾಲ ತಗೋವಾಗ ಎಲ್ಲೆಲ್ಲಿ ಹೆಬ್ಬಟ್ಟು ಒತ್ತೀರಿ, ನೆನಪು ಮಾಡ್ಕೋರಿ. ಆಧಾರ, ರೇಷನ್ ಕಾರ್ಡ, ಆಧಾರಕ್ಕ ಕೊಟ್ಟ ನಂಬರಿನ ಫೋನು, ಮೂರೂ ತಗೊಂಡು ಗ್ರಾಮ ಒನ್‌ಕ್ಕ ಹೋಗ್ರಿ. ಫೋನ್ ಮನ್ಯಾಗ ಬಿಟ್ಟು ಹೋಗಬ್ಯಾಡ್ರಿ, ಓಟಿಪಿ ಅದಕ್ಕೇ ಬರ್ತದ."

ತಿಂಗಳಿಗೆ 2000 ರೂಪಾಯಿ ಅಂತ ಇದರಲ್ಲಿ ಎಲ್ಲೂ ಇಲ್ಲ, ಮುಖ್ಯಮಂತ್ರಿ ಹೆಸರಿಲ್ಲ, ಯೋಜನೆಯ ಉದ್ದೇಶ ಇಲ್ಲ. ಅದೆಲ್ಲ ಮಂದಿಗೆ ಗೊತ್ತು. ಕೊನೆಯ ಸಾಲು ಸೇರಿಸೋಕೆ ಮುಂಚೆ ಗ್ರಾಮ ಒನ್‌ಗೆ, ಅಂದ್ರೆ ಊರಿನ ಸರ್ಕಾರಿ ಸೇವಾ ಕೇಂದ್ರಕ್ಕೆ, ಹೋದವರಲ್ಲಿ ಅರ್ಧ ಮಂದಿ ಫೋನಿಲ್ಲದೆ ವಾಪಸ್ ಬರ್ತಿದ್ದರು. ಮೈಆಧಾರ್ ಪೋರ್ಟಲ್‌ನಲ್ಲಿ ಬ್ಯಾಂಕ್ ಜೋಡಣೆ ನೋಡೋಕಿರಲಿ, ಸರ್ಕಾರದ ರೊಕ್ಕ ಬಂತೋ ಇಲ್ಲವೋ ತೋರಿಸೋ ಡಿಬಿಟಿ ಕರ್ನಾಟಕ ಆ್ಯಪ್ ತೆರೆಯೋಕಿರಲಿ, ಎರಡಕ್ಕೂ ಓಟಿಪಿ ಬೇಕು. ಆಧಾರ್ ಜೋಡಣೆಯೇ ಇಲ್ಲದವರಿಗೆ ಬೇರೆ ಕ್ಲಿಪ್: ಅಂಚೆಯಣ್ಣನ ಹತ್ತಿರ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆಯಿರಿ ಅಂತ. ಅತ್ತೆ ತೀರಿಕೊಂಡು ರೇಷನ್ ಕಾರ್ಡಿನ ಯಜಮಾನಿ ಹೆಸರು ಬದಲಾಗದ ಮನೆಗಳಿಗೆ ಇನ್ನೊಂದು. ಎರಡು ವಿಷಯ ಒಂದೇ ಕ್ಲಿಪ್‌ನಲ್ಲಿ ಸೇರಿಸಿದರೆ ಎರಡೂ ನೆನಪಿರಲ್ಲ.

ಧ್ವನಿ ಯಾರದು ಅನ್ನೋದು ಮುಖ್ಯ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ಸಂಜೀವಿನಿ ಸಂಘದ ಹೆಣ್ಣುಮಗಳು, ಇವರಲ್ಲಿ ಒಬ್ಬರು. ಒಂದು ಕ್ಲಿಪ್‌ಗೆ 200 ರೂಪಾಯಿ ಕೊಡ್ತೀನಿ, ಪುಕ್ಕಟೆ ಮಾಡಿಸಿಕೊಂಡರೆ ಎರಡನೇ ಸಲ ಸಿಗಲ್ಲ. ಓದಿಸಬಾರದು. ವಿಷಯ ಹೇಳಿ, ಅವರ ಮಾತಿನಲ್ಲೇ ಹೇಳೋಕೆ ಬಿಡಬೇಕು. ಮೊದಲ ಮೂರು ಸೆಕೆಂಡಿಗೆ ಒಂದು ಸದ್ದು ಹಾಕ್ತೀನಿ, ಅದು ಬಂದರೆ ಸಾಲಿನಲ್ಲಿ ಮಾತು ತಾನೇ ನಿಲ್ಲುತ್ತೆ. ಯಾವ ಸದ್ದು ಅನ್ನೋದು ನನ್ನ ಹತ್ತಿರವೇ ಇರಲಿ.

ರೆಕಾರ್ಡಿಂಗ್‌ಗೆ ಫೋನೇ ಸಾಕು. ಫ್ಯಾನ್ ಬಂದ್, ಹಿಂದೆ ಎರಡು ಕೌದಿ ಇಳಿಬಿಟ್ಟರೆ ಗೋಡೆಯ ಗೊಂಯ್ ಹೋಗುತ್ತೆ, ಫೋನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ಆಡಾಸಿಟಿ ಅನ್ನೋ ಧ್ವನಿ ತಿದ್ದುವ ಸಾಫ್ಟ್‌ವೇರ್‌ನಲ್ಲಿ 300 ಹರ್ಟ್ಜ್‌ಗಿಂತ ಕೆಳಗಿನ ದಪ್ಪ ಸದ್ದು ಕತ್ತರಿಸಿ. ಮೈಕಿನ ಹಾರ್ನ್ ಆಗಲಿ ಅಗ್ಗದ ಸ್ಪೀಕರ್ ಆಗಲಿ ಆ ದಪ್ಪ ಸದ್ದು ಹೊರಡಿಸೋದೇ ಇಲ್ಲ, ಬರೀ ಒಡೆಯುತ್ತೆ. 2ರಿಂದ 4 ಕಿಲೋಹರ್ಟ್ಜ್ ನಡುವೆ ಸ್ವಲ್ಪ ಏರಿಸಿದರೆ ಮಾತು ಬಿಡಿಬಿಡಿಯಾಗಿ ಕೇಳುತ್ತೆ. ಸಣ್ಣ ದೊಡ್ಡ ದನಿ ಸಮ ಮಾಡೋ ಕಂಪ್ರೆಸರ್ ಹಾಕಿ, ಮೋನೋ (ಒಂದೇ ಚಾನೆಲ್) ಮಾಡಿ, ಎಂಪಿ3 ಆಗಿ ಉಳಿಸಿ. ವಾಟ್ಸ್‌ಆ್ಯಪ್‌ನಿಂದ ಇಳಿಸಿದ ಓಪಸ್ ಫೈಲು ಅಗ್ಗದ ಸ್ಪೀಕರಿನೊಳಗಿನ ಪ್ಲೇಯರ್‌ಗಳಿಗೆ ಕಾಣೋದೇ ಇಲ್ಲ. ಪೆನ್‌ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟ್‌ನಲ್ಲಿರಲಿ, 32 ಜಿಬಿ ಒಳಗೆ. ಅಗ್ಗದ ಪ್ಲೇಯರ್ ಹಾಡೋದು ಹೆಸರಿನ ಕ್ರಮದಲ್ಲಿ ಅಲ್ಲ, ಕಾಪಿ ಮಾಡಿದ ಕ್ರಮದಲ್ಲಿ. ಹಾಗಾಗಿ ಫಾರ್ಮ್ಯಾಟ್ ಮಾಡಿ ಒಂದೊಂದಾಗಿ ಹಾಕಬೇಕು.

ಸ್ಪೀಕರ್ ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ 700–800ಕ್ಕೆ ಸಿಗುವಂಥದ್ದು, ಯುಎಸ್‌ಬಿ ಇರೋದು. ಸಾಲಿನಲ್ಲಿ ಮಂದಿ ಹೆಬ್ಬಟ್ಟಿಗೆ, ಸರ್ವರಿಗೆ ಕಾಯ್ತಾ ಹೇಗೂ ಅರ್ಧ ತಾಸು ನಿಂತಿರ್ತಾರೆ, ಕೈಯಲ್ಲಿ ರೇಷನ್ ಕಾರ್ಡು ಇರುತ್ತೆ, ಪಕ್ಕದವರ ಹತ್ತಿರ ಅದೇ ವಿಷಯ ಮಾತಾಡ್ತಿರ್ತಾರೆ. ಇದಕ್ಕಿಂತ ಒಳ್ಳೆ ಸಭೆ ಯಾವ ಗ್ರಾಮಸಭೆಯಲ್ಲೂ ಸಿಗಲ್ಲ. ತೊಂದರೆ ಡೀಲರ್‌ದು. ಒಂದೇ ಕ್ಲಿಪ್ ಸುತ್ತಿ ಸುತ್ತಿ ಬಂದರೆ ಮಧ್ಯಾಹ್ನದೊಳಗೆ ತಲೆ ಕೆಟ್ಟು ಬಂದ್ ಮಾಡ್ತಾನೆ. ನಡುವೆ 12 ನಿಮಿಷದ ಖಾಲಿ ಫೈಲು ಹಾಕಿ ನೋಡಿದೆ. ಸದ್ದು ಇಲ್ಲದ್ದಕ್ಕೆ ಸ್ಪೀಕರ್ ಹತ್ತು ನಿಮಿಷಕ್ಕೆ ತಾನೇ ಆಫ್ ಆಯ್ತು. ಕೊನೆಗೆ ಊರಿನ ಭಜನಾ ಮಂಡಳಿಯವರಿಂದಲೇ ತತ್ವಪದ ಹಾಡಿಸಿ ರೆಕಾರ್ಡ್ ಮಾಡಿ, ಎರಡು ಪದಕ್ಕೆ ಒಂದು ಕ್ಲಿಪ್ ಇಟ್ಟ ಮೇಲೆ ಡೀಲರೇ ಬೆಳಿಗ್ಗೆ ಹಚ್ಚೋಕೆ ಶುರು ಮಾಡಿದ. ಮೊದಲ ಡೀಲರ್‌ನನ್ನು ಒಪ್ಪಿಸಿದ ಉಪಾಯ ಬರೆಯಲ್ಲ, ಅದು ನಿಮ್ಮ ತಾಲೂಕಿಗೆ ನಡೆಯೋದೂ ಇಲ್ಲ. ಏಪ್ರಿಲ್–ಮೇನಲ್ಲಿ ತಗಡಿನ ಪತ್ರಾಸ್ ಕೆಳಗೆ ಸ್ಪೀಕರ್ ಇಡಬೇಡಿ, ಬ್ಯಾಟರಿ ಉಬ್ಬಿ ಹೊಟ್ಟೆ ಬಿಡುತ್ತೆ.

ಅಂಗಡಿ ಇಲ್ಲದ ತಾಂಡಾಗಳಿಗೆ ಬೈಕಿಗೆ ಕಟ್ಟಿದ ಮೈಕಿನ ಹಾರ್ನ್. 12 ವೋಲ್ಟಿನ 40 ವಾಟ್ ಆಂಪ್ಲಿಫೈಯರ್, ಒಂದು ಹಾರ್ನ್, ಯುಪಿಎಸ್‌ಗೆ ಹಾಕುವ 7 ಎಎಚ್ ಬ್ಯಾಟರಿ, ಎಲ್ಲ ಸೇರಿ ಎಂಟೊಂಬತ್ತು ಸಾವಿರ. ಜೋರಾಗಿ ಹಚ್ಚಿದರೆ ಒಂದೂವರೆ ತಾಸು ಬರುತ್ತೆ, ಎರಡು ತಾಸು ಅಂತ ನಂಬಿ ಹೋಗಬೇಡಿ. ಠಾಣೆಯ ಪರವಾನಗಿ ಚೀಟಿ ಕಿಸೆಯಲ್ಲಿರಲಿ, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹಚ್ಚೋ ಹಾಗಿಲ್ಲ. ಓಡಿಸ್ತಾ ಹಚ್ಚಿದರೆ ಯಾರಿಗೂ ಪೂರ್ತಿ ಕೇಳಲ್ಲ. ಓಣಿ ಮೂಲೆಗೆ ನಿಲ್ಲಿಸಿ ಎರಡು ಸಲ ಹಚ್ಚಿ ಮುಂದೆ ಹೋಗಬೇಕು.

ಬೆಳೆ ವಿಮೆಯದು ಪೂರಾ ಸಮಯದ ಆಟ. ತೊಗರಿಗೆ ನೋಂದಣಿ ಸಾಮಾನ್ಯವಾಗಿ ಜುಲೈ ಕೊನೆಗೆ ಮುಗಿಯೋದು, ಮುಂಗಾರಿಗೆ ರೈತರ ಪಾಲು ವಿಮಾ ಮೊತ್ತದ ಶೇ. 2. ಆ ಕ್ಲಿಪ್ ಜೂನ್‌ನಲ್ಲೇ, ಬಿತ್ತನೆ ಬೀಜ ಕೊಡುವ ರೈತ ಸಂಪರ್ಕ ಕೇಂದ್ರದ ಮುಂದೆ ಓಡಬೇಕು. ಎಫ್‌ಐಡಿ (ರೈತರ ಗುರುತಿನ) ನಂಬರ್ ಇಲ್ಲದವರು ಅಲ್ಲೇ ಮಾಡಿಸಿಕೊಳ್ತಾರೆ. ಎರಡನೇ ಕ್ಲಿಪ್ 72 ತಾಸಿನದು: ಹೊಲದಲ್ಲಿ ನೀರು ನಿಂತರೆ, ಆಲಿಕಲ್ಲು ಬಿದ್ದರೆ 72 ತಾಸಿನೊಳಗೆ ತಿಳಿಸಬೇಕು. ಇದನ್ನು ಕೇಳಿದವರೆಲ್ಲ ಗಿಡ ಒಣಗಿಸೋ ನೆಟೆ ರೋಗಕ್ಕೂ ಫೋನ್ ಹಚ್ಚೋಕೆ ಶುರು ಮಾಡಿದರು. ನೆಟೆ ಬಂದ ತೊಗರಿಗೆ ಒಬ್ಬೊಬ್ಬರ ದೂರು ನಡೆಯಲ್ಲ, ಅದು ಪಂಚಾಯತಿಯ ಬೆಳೆ ಕಟಾವು ಪ್ರಯೋಗದ (ಕೆಲವು ಹೊಲ ಕೊಯ್ದು ಅಳೆಯೋದು) ಇಳುವರಿ ಮೇಲೆ ನಿಂತಿರೋದು. ಅದಕ್ಕೇ ಒಂದು ಕ್ಲಿಪ್ ಬೇರೆ ಮಾಡಬೇಕಾಯ್ತು.

ಮಗ್ಗುಲಿಗೆ ಮಾಡಿದ ಪ್ರಯೋಗ ಕೆಲವು ಇವೆ. ಶಹಾಪುರದ ಮೊಬೈಲ್ ಅಂಗಡಿಗಳಲ್ಲಿ ಕೀಪ್ಯಾಡ್ ಫೋನಿಗೆ ಮೆಮರಿ ಕಾರ್ಡ್‌ನಲ್ಲಿ ಹಾಡು ತುಂಬಿಸೋರು ಇನ್ನೂ ಇದ್ದಾರೆ. ಹಾಡುಗಳ ನಡುವೆ ನಮ್ಮ ಕ್ಲಿಪ್ ಸೇರಿಸಿಕೊಟ್ಟರೆ ಕಾರ್ಡಿಗೆ 5 ರೂಪಾಯಿ ಅಂತ ಮಾತಾಡಿದೆ. ಕೇಳಿದವರು ಬಹಳ, ಆದರೆ ಹೊಲದಲ್ಲಿ ಕಳೆ ಕೀಳುವಾಗ ಕೇಳಿದ್ದು ಮನೆಗೆ ಬರೋಷ್ಟರಲ್ಲಿ ಮರೆತಿರ್ತಾರೆ. ಟಂಟಂ ಆಟೋದಲ್ಲಿ ಹಚ್ಚಿದ್ದು ಮಾತ್ರ ಚೆನ್ನಾಗಿ ನಡೆಯಿತು. ತಾಲೂಕಿಗೆ ಹೊರಟವರಿಗೇ ತಾಲೂಕು ಕಚೇರಿಯ ವಿಷಯ ಕೇಳಿಸುತ್ತೆ, ಡ್ರೈವರ್‌ಗೆ ಚಾ ರೊಕ್ಕ ಸಾಕು. ಕಂಪ್ಯೂಟರ್ ಧ್ವನಿಯನ್ನೂ ಹಚ್ಚಿ ನೋಡಿದೆ. ಉಚ್ಚಾರ ತಪ್ಪಿಲ್ಲ, ಆದರೆ ರೈಲ್ವೆ ಸ್ಟೇಷನ್ ಪ್ರಕಟಣೆ ಹಾಗೆ ಕೇಳುತ್ತೆ, ಯಾರೂ ತಲೆ ಎತ್ತಲಿಲ್ಲ. ಗುರುಮಠಕಲ್ ಕಡೆ ತೆಲುಗು, ಊರೊಳಗಿನ ಮುಸ್ಲಿಂ ಓಣಿಗಳಿಗೆ ದಖನಿ, ತಾಂಡಾಗಳಿಗೆ ಲಂಬಾಣಿ ಬೇಕೇ ಬೇಕು. ಬೀದರಿನ ಭಾಲ್ಕಿ, ಔರಾದ್‌ಗೆ ಮಾಡೋರು ಮರಾಠಿಯಿಂದ ಶುರು ಮಾಡಿ.

ವಾಟ್ಸ್‌ಆ್ಯಪ್ ಬಿಟ್ಟಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳಿಸಿದ್ದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತೆ, ಉಳಿದವರಿಗೆ ಹೋಗಿಲ್ಲ ಅಂತ ಅದು ಹೇಳೋದೂ ಇಲ್ಲ. ಗುಂಪಾದರೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಇಡಿ, ಇಲ್ಲದಿದ್ದರೆ ಆಧಾರ್ ಕಾರ್ಡಿನ ಫೋಟೋ ಹಾಕಿ "ನೋಡ್ರಿ ಸರ" ಅಂತಾರೆ. ಪಿಎಂ ಕಿಸಾನ್ ಹೆಸರಿನ ನಕಲಿ ಎಪಿಕೆ (ಫೋನಿಗೆ ಆ್ಯಪ್ ಹಾಕೋ) ಫೈಲು ಒತ್ತಿ ಖಾತೆ ಖಾಲಿ ಮಾಡಿಕೊಂಡವರು ಇರೋದ್ರಿಂದ ನಮ್ಮದು ಒಂದೇ ನಿಯಮ: ಲಿಂಕ್ ಕಳಿಸೋದಿಲ್ಲ, ಧ್ವನಿ ಮಾತ್ರ. ಲಿಂಕ್ ಬಂತು ಅಂದ್ರೆ ನಮ್ಮದಲ್ಲ ಅಂತ ಮಂದಿಗೆ ಈಗ ಗೊತ್ತು.

ಉಪಯೋಗ ಆಯ್ತೋ ಇಲ್ಲವೋ ತಿಳಿಯೋಕೆ ಗ್ರಾಮ ಒನ್ ಹುಡುಗನಿಗೆ ಒಂದು ನೋಟ್‌ಬುಕ್ ಕೊಟ್ಟೆ. ಪೂರ್ತಿ ಕಾಗದ ತಂದವರಿಗೆ ಟಿಕ್, ವಾಪಸ್ ಕಳಿಸಿದವರಿಗೆ ಗೆರೆ. ಮುಂಚೆ ಹತ್ತರಲ್ಲಿ ಆರೇಳು ಮಂದಿ ವಾಪಸ್ ಹೋಗ್ತಿದ್ದರು, ಕ್ಲಿಪ್ ಓಡಿದ ಊರುಗಳಲ್ಲಿ ಈಗ ಎರಡೋ ಮೂರೋ. ಒಂದು ಅಂಗಡಿಗೆ ಸ್ಪೀಕರ್, ಪೆನ್‌ಡ್ರೈವ್, ಧ್ವನಿಯ ಖರ್ಚು ಸೇರಿ 1200 ಆಸುಪಾಸು. ಎಲ್‌ಇಡಿ ವ್ಯಾನ್ ಬಾಡಿಗೆ ದಿನಕ್ಕೇ ಏಳೆಂಟು ಸಾವಿರ ಕೇಳ್ತಾರೆ, ಲೆಕ್ಕ ನೀವೇ ಹಾಕಿ.

ಇನ್ನೂ ಕಾಡೋದು ಹಳೇ ಕ್ಲಿಪ್. ಅನ್ನಭಾಗ್ಯದಲ್ಲಿ ಹೆಚ್ಚುವರಿ 5 ಕೆಜಿ ಬದಲು ಒಬ್ಬರಿಗೆ 170 ರೂಪಾಯಿ ಬರ್ತಿದ್ದ ಕಾಲದ ಧ್ವನಿ, 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂದ ಮೇಲೂ ಫೋನಿಂದ ಫೋನಿಗೆ ಸುತ್ತುತ್ತಿತ್ತು. ಕಳಿಸಿದ್ದನ್ನು ವಾಪಸ್ ಎಳೆಯೋಕೆ ಆಗಲ್ಲ. ಈಗ ಪ್ರತಿ ಕ್ಲಿಪ್‌ನ ಕೊನೆಗೆ "ಈ ಮಾತು ಯುಗಾದಿ ತನಕ" ಇಲ್ಲಾ "ಮೊಹರಂ ತನಕ" ಅಂತ ಅವಧಿ ಹೇಳಿಸ್ತೀನಿ. ತಾರೀಖು ಹೇಳಿದರೆ ನೆನಪಿರಲ್ಲ, ಹಬ್ಬ ಹೇಳಿದರೆ ಇರುತ್ತೆ. ಗುಳೇ ಹೋದವರು ಊರಿಗೆ ಬರೋದೂ ಆ ಎರಡು ಹಬ್ಬಕ್ಕೇ ಆದ್ದರಿಂದ ಪೆನ್‌ಡ್ರೈವ್ ಬದಲಾಯಿಸೋದನ್ನೂ ಹಬ್ಬದ ಹಿಂದಿನ ವಾರಕ್ಕೆ ಇಟ್ಟುಕೊಂಡಿದ್ದೀನಿ.