ಭಜನೆಯ ಕಂಠಗಳಲ್ಲಿ ಹಾರ್ಮನಿ ಕೂರಿಸಿದ್ದು

ಭಜನೆ ಮಂಡಳಿಯಲ್ಲಿ ಹಾಡಿ ಬೆಳೆದವರಿಗೆ ಹಾರ್ಮನಿ, ಅಂದರೆ ಮುಖ್ಯ ಧಾಟಿಯ ಜೊತೆಗೇ ಬೇರೆ ಸ್ವರಗಳಲ್ಲಿ ಸಾಗುವ ಸಾಲು, ಹಿಡಿಯುವುದು ಆಗದ ಕೆಲಸ, ಎರಡನೇ ಸಾಲಿಗೆ ಎಲ್ಲರೂ ಒಂದೇ ಧಾಟಿಗೆ ಬಂದು ಸೇರುತ್ತಾರೆ ಎಂದು ಹೇಳಿದವರು ಕಾಸರಗೋಡಿನಲ್ಲೂ ಇದ್ದಾರೆ, ಮಂಗಳೂರಿನಲ್ಲೂ ಇದ್ದಾರೆ. ಬದಿಯಡ್ಕದ ಕಡೆಯ ಒಂದು ಮಹಡಿ ಕೋಣೆಯಲ್ಲಿ ಅಂಥದ್ದೇ ಮೂರು ಕಂಠಗಳನ್ನು ಇಟ್ಟುಕೊಂಡು ಮಾಡಿದ ಕೋರಸ್ ಕೇಳಿ ಈಗ ಅವರೇ ಯಾವ ಸ್ಟುಡಿಯೋ ಎಂದು ವಿಚಾರಿಸುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ. ಮೈಕ್, ಇಂಟರ್‌ಫೇಸ್, ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಇವೆಲ್ಲ ಕೈಗೆ ಪಳಗಿದವರಿಗೆ ಮಾತ್ರ ಇದು.

ಹಾಡು ಮೋಹನ ರಾಗದ ನೆರಳಿನಲ್ಲಿತ್ತು, ಶ್ರುತಿ ಕಪ್ಪು ಮೂರು, ಅಂದರೆ ಹಾರ್ಮೋನಿಯಂನ ಮೂರನೇ ಕಪ್ಪು ಮನೆಯೇ ಸ. ಸಿನಿಮಾ ಹಾಡಿನ ರೂಢಿಯಂತೆ ಎಲ್ಲ ಸ್ವರಕ್ಕೂ ಮೂರನೇ ಸ್ವರ ಜೋಡಿಸಹೊರಟರೆ ರಿ ಬಂದಲ್ಲಿ ಮೇಲಿನ ಸಾಲಿಗೆ ಮ ಬೇಕಾಗುತ್ತದೆ. ಮೋಹನದಲ್ಲಿ ಮ ಇಲ್ಲ. ಮೇಲಿನ ಸಾಲು ಹಾಡುವ ಹುಡುಗಿಯ ಗಂಟಲು ಅಲ್ಲಿ ತಡವರಿಸಿ ಗ ಕ್ಕೋ ಪ ಕ್ಕೋ ಜಾರುತ್ತದೆ, ಜನ ಅದನ್ನೇ 'ಹಾರ್ಮನಿ ಬರುವುದಿಲ್ಲ' ಎನ್ನುತ್ತಾರೆ. ನಾನು ರಾಗದೊಳಗೇ ಒಂದು ಸ್ವರ ಬಿಟ್ಟು ಮುಂದಿನದನ್ನು ಕೊಟ್ಟೆ: ಸ ಕ್ಕೆ ಗ, ರಿ ಗೆ ಪ, ಗ ಕ್ಕೆ ದ, ಪ ಕ್ಕೆ ತಾರಸ್ಥಾಯಿ ಸ. ದ ಬಂದಲ್ಲಿ ಮಾತ್ರ ತಾರದ ರಿ ಗೆ ಏರಿಸದೆ ಸ ದಲ್ಲೇ ನಿಲ್ಲಿಸಿದೆ. ಆ ರಿ–ದ ಜೋಡಿ ನಮ್ಮ ಶ್ರುತಿಯಲ್ಲಿ ಹಲವು ಸಲ ಒರಟಾಗಿಯೇ ಕೇಳುತ್ತದೆ. ಸಾಲನ್ನು ಹಾರ್ಮನಿ ಎಂದು ಕಲಿಸಲೇ ಇಲ್ಲ. ಬೇರೆಯೇ ಒಂದು ಧಾಟಿ ಎಂದು ಸ್ವರ ಬರೆದುಕೊಟ್ಟು, ಮುಖ್ಯ ಗಾಯನ ಕೇಳಿಸದೆ ಬಾಯಿಪಾಠ ಮಾಡಿಸಿದೆ.

ಕೆಳಗಿನ ಸಾಲು ಗಂಡಸಿನದು. ಅವರ ಸ್ವಂತ ಶ್ರುತಿ ಕಪ್ಪು ಒಂದು. ಕಪ್ಪು ಮೂರರ ಮಂದ್ರ (ಕೆಳಸ್ಥಾಯಿಯ) ಪ ಎಂದರೆ ಸರಿಯಾಗಿ ಅದೇ ಕಪ್ಪು ಒಂದು. ಅವರ ಹೆಡ್‌ಫೋನಿಗೆ ಹಾಡಿನ ಶ್ರುತಿಯನ್ನೇ ಕೊಡದೆ ಕಪ್ಪು ಒಂದರ ತಂಬೂರಿ ಕೊಟ್ಟೆ. ಹಾಡಿನ ಮಂದ್ರ ಪ ಅವರಿಗೆ ತಮ್ಮದೇ ಷಡ್ಜ, ಹಾಡಿನ ಸ ಅವರ ಮ. ಸಾಲು ಪೂರ್ತಿ ಈ ಎರಡು ಸ್ವರಗಳಲ್ಲೇ ಮುಗಿಯುವಂತೆ ಹೆಣೆದದ್ದರಿಂದ ಕಲ್ಲಿನ ಹಾಗೆ ನಿಂತರು.

ಇನ್ನು ಕೀಬೋರ್ಡ್. ಶ್ರುತಿಪೆಟ್ಟಿಗೆಯ ಜೊತೆ ಹಾಡಿದವರ ಗ, ಕೀಬೋರ್ಡಿನ ಗ ಕ್ಕಿಂತ ಸುಮಾರು 14 ಸೆಂಟ್ ಕೆಳಗೆ ಕೂರುತ್ತದೆ (ಕೀಬೋರ್ಡಿನ ಪಕ್ಕಪಕ್ಕದ ಎರಡು ಮನೆಗಳ ಅಂತರದಲ್ಲಿ ನೂರನೇ ಒಂದು ಪಾಲು ಒಂದು ಸೆಂಟ್). ಅದು ಅಪಸ್ವರ ಅಲ್ಲ, ಸರಿಯಾದ ಅಂತರಗಾಂಧಾರವೇ (ಮೋಹನದ ಗ) ಅಲ್ಲಿರುವುದು. ಕೋರಸ್‌ನಲ್ಲಿ ಪ್ಯಾಡ್, ಅಂದರೆ ಕೀಬೋರ್ಡಿನ ಎಳೆದು ನಿಲ್ಲುವ ಹಿನ್ನೆಲೆ ನಾದ, ಸ–ಗ–ಪ ಸೇರಿದ ಪೂರ್ಣ ಕಾರ್ಡ್ ಹಿಡಿದರೆ ಕಪ್ಪು ಮೂರರ ಮಧ್ಯಸ್ಥಾಯಿಯಲ್ಲಿ ಎರಡೂ ಗ ಗುದ್ದಾಡಿ ಸೆಕೆಂಡಿಗೆ ಸುಮಾರು ಎರಡು ಸಲ ಸ್ವರ ಅಲುಗುತ್ತದೆ. ಕೇಳುವವರು ಬೈಯುವುದು ಹಾಡುವವರನ್ನು. ಹಾಗೆಂದು ಕಂಠಗಳನ್ನು ಕಂಪ್ಯೂಟರಿನಲ್ಲಿ ಟ್ಯೂನ್ ಮಾಡಿ ಮೇಲಕ್ಕೆ ಎಳೆದರೆ ಸಾಲುಗಳ ನಡುವಿನ ಆ ತಂಪು ಹೋಗಿ ಪ್ಲಾಸ್ಟಿಕ್ ಉಳಿಯುತ್ತದೆ. ಕೋರಸ್ ಬಂದಲ್ಲಿ ಪ್ಯಾಡಿನಿಂದ ಗ ತೆಗೆದು ಸ–ಪ ಮಾತ್ರ ಇಟ್ಟೆ. ಕೀಬೋರ್ಡ್ ನುಡಿಸಿದವರು 'ಬೋಳು ಬೋಳಾಗಿದೆ' ಎಂದು ಮುಖ ಸಿಂಡರಿಸಿದರು. ಕಂಠಗಳು ಸೇರಿದ ಮೇಲೆ ಮಾತಿಲ್ಲ. ಟ್ಯೂನಿಂಗ್ ಮಾಡಿದ್ದು 20 ಸೆಂಟ್ ದಾಟಿ ತಪ್ಪಿದ ಕೆಲವೇ ಸ್ವರಗಳಿಗೆ, ಅದೂ ಕೈಯಿಂದ.

ಉಚ್ಚಾರದ ವಿಷಯ ಇದಕ್ಕಿಂತ ದೊಡ್ಡದು. ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ಮಲಯಾಳ, ಮೂರನೆಯವರದು ಹವ್ಯಕ. ಸಾಲಿನ ಕೊನೆಗೆ 'ಹಾಡು' ಎಂದು ಬಂದರೆ ಮೊದಲ ಇಬ್ಬರೂ ತಿಳಿಯದೆ ಅರೆ ಉಕಾರ ಹಾಕುತ್ತಾರೆ, ತುಟಿ ಚಪ್ಪಟೆ. ಮೂರನೆಯವರು ತುಟಿ ಮುಂದೆ ಮಾಡಿ ದುಂಡಗೆ ಡು ಎನ್ನುತ್ತಾರೆ. ಮಾತಿನಲ್ಲಿ ಗೊತ್ತಾಗದ ಈ ವ್ಯತ್ಯಾಸ ನಾಲ್ಕು ಮಾತ್ರೆ ಎಳೆದಾಗ ಶ್ರುತಿ ತಪ್ಪಿದಂತೆ ಕೇಳುತ್ತದೆ, ಟ್ಯೂನರ್ ಮಾತ್ರ ಸರಿ ಇದೆ ಎಂದೇ ತೋರಿಸುತ್ತದೆ. ಎಲ್ಲರಿಗೂ ಶಿಳ್ಳೆ ಹಾಕುವಂತೆ ತುಟಿ ಮಾಡಿ 'ಡೂ' ಎನ್ನಿಸಿದೆ. 'ಎ'ಯಿಂದ ಶುರುವಾಗುವ ಪದಕ್ಕೆ ಯಕಾರ ಸೇರಿಸಬಾರದು, ಸೊನ್ನೆಯಲ್ಲಿ ಮುಗಿಯುವ ಪದಕ್ಕೆ ಎಷ್ಟನೇ ತಾಳಕ್ಕೆ ತುಟಿ ಮುಚ್ಚಬೇಕೆಂದು ಹಾಳೆಯಲ್ಲೇ ಗೆರೆ ಹಾಕಬೇಕು. ಸ, ಶ, ಚ ಇವನ್ನು ಪೂರ್ತಿ ಹೇಳುವುದು ಮುಖ್ಯ ಗಾಯಕಿ ಮಾತ್ರ. ಉಳಿದವರು ಅರ್ಧ ನುಂಗಬೇಕು. ಇಲ್ಲದಿದ್ದರೆ ಆರು ಟ್ರ್ಯಾಕಿನ ಸಕಾರ ಒಂದರ ಹಿಂದೆ ಒಂದು ಬಂದು ಬಾಣಲೆಗೆ ಒಗ್ಗರಣೆ ಬಿದ್ದಂತಾಗುತ್ತದೆ. ಗಮಕ, ಜಾರು ಏನಿದ್ದರೂ ಮುಖ್ಯ ಗಾಯನಕ್ಕೆ. ಹಾರ್ಮನಿ ನೇರ ಹೋಗಿ ಸ್ವರದ ಮೇಲೆ ಕೂರಬೇಕು.

ದುಡ್ಡು ಹೆಚ್ಚು ಹಾಳಾದದ್ದು ಗೋಡೆಗೆ. ಮೂರೂವರೆ ನಾಲ್ಕು ಸಾವಿರದ ತೆಳು ಫೋಮ್ ಅಂಟಿಸಿದರೆ ಮೇಲಿನ ಹೊಳಪು ಹೋಯಿತು, ಕೋಣೆಯ ಗುಂಯ್ ಹಾಗೆಯೇ ಉಳಿಯಿತು. ಮೊಟ್ಟೆ ಟ್ರೇ ಅದಕ್ಕಿಂತ ಕಡೆ. ಕೆಲಸ ಮಾಡಿದ್ದು ಹಾಡುವವರ ಬೆನ್ನ ಹಿಂದೆ ಎಲ್ ಆಕಾರದಲ್ಲಿ ನಿಲ್ಲಿಸಿದ ಎರಡು ಹಳೆಯ ಹತ್ತಿ ಹಾಸಿಗೆ, ಖರ್ಚು ಸೊನ್ನೆ. ಮೈಕ್ ಆಡಿಯೋ ಟೆಕ್ನಿಕಾ ಎಟಿ 2020, ಇಂಟರ್‌ಫೇಸ್ ಎರಡು ಇನ್‌ಪುಟ್‌ನದು, ಎರಡೂ ಸೇರಿ ಇಪ್ಪತ್ತು ಸಾವಿರದ ಆಸುಪಾಸು. ಆಟಿ ತಿಂಗಳ ಮಳೆಯಲ್ಲಿ ಶೀಟಿನ ಮಾಡಿನ (ಸೂರಿನ) ಕೆಳಗೆ ರೆಕಾರ್ಡಿಂಗ್ ಇಟ್ಟುಕೊಳ್ಳುವವರಿಗೆ ಹೇಳುವುದೇನೂ ಇಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದರೆ ರೆಕಾರ್ಡಿಂಗಿಗೆ ಹಮ್ (ವಿದ್ಯುತ್ತಿನ ಗುಂಯ್ ಸದ್ದು) ನುಗ್ಗುತ್ತದೆ. ಆಗ ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸುವುದು.

ಮುಖ್ಯ ಗಾಯನಕ್ಕೆ ಒಂದು ಗೇಣು ದೂರ, ಹಾರ್ಮನಿಗೆ ಎರಡು ಗೇಣು, ಮೈಕಿಗೆ ಸ್ವಲ್ಪ ಓರೆಯಾಗಿ. 24 ಬಿಟ್, ಪೀಕ್ (ಅತಿ ಜೋರಿನ ಸದ್ದು) ಮೈನಸ್ 12 ಡಿಬಿಯ (ಡೆಸಿಬೆಲ್) ಸುತ್ತ. ಹೆಡ್‌ಫೋನ್ ಒಂದು ಕಿವಿಗೆ ಮಾತ್ರ, ಇನ್ನೊಂದು ಬದಿ ಕೆನ್ನೆಗೆ ಒತ್ತಿರಬೇಕು. ಗಾಳಿಗೆ ಬಿಟ್ಟರೆ ತಾಳದ ಕ್ಲಿಕ್ ಮೈಕಿಗೆ ಬೀಳುತ್ತದೆ. ಪ್ರತಿ ಸಾಲನ್ನೂ ಎರಡು ಸಲ ಬೇರೆ ಬೇರೆ ಹಾಡಿಸಿದೆ. ಒಂದನ್ನೇ ಕಾಪಿ ಮಾಡಿ 20 ಮಿಲಿಸೆಕೆಂಡ್ ಸರಿಸಿದರೆ ಹೆಡ್‌ಫೋನಿನಲ್ಲಿ ಅಗಲ ಕಾಣುತ್ತದೆ, ಮೊಬೈಲಿನಲ್ಲಿ ಡಬ್ಬದೊಳಗಿಂದ ಹಾಡಿದಂತೆ.

ನಡುವೆ ಒಂದು ಪ್ರಯೋಗ: ಯಕ್ಷಗಾನದ ಭಾಗವತಿಕೆ ಅಭ್ಯಾಸ ಇದ್ದವರಿಂದ ಮೇಲಿನ ಸಾಲು ಹಾಡಿಸಿ ನೋಡಿದೆ. ಕಂಠದ ಕೆಚ್ಚು ಎಂಥದ್ದೆಂದರೆ ನಾಲ್ಕಡಿ ದೂರ ನಿಲ್ಲಿಸಿದರೂ ಅವರೇ ಮುಂದೆ. ಹಾರ್ಮನಿಗೆ ಆಗಲಿಲ್ಲ. ಕೊನೆಯ ಕೋರಸ್‌ನ ಒಂದು ಕೂಗಿಗೆ ಮಾತ್ರ ಇಟ್ಟುಕೊಂಡೆ, ಅದನ್ನು ಎಲ್ಲಿ ಹೂತಿದ್ದೇನೆ ಎಂಬುದು ನನ್ನಲ್ಲೇ ಇರಲಿ. ಮೂವರನ್ನೂ ಒಂದೇ ಮೈಕಿನ ಸುತ್ತ ನಿಲ್ಲಿಸಿದ ಟೇಕ್ ಸ್ವಂತ ಬಲದಲ್ಲಿ ನಿಲ್ಲದಿದ್ದರೂ ಎಲ್ಲದರ ಕೆಳಗೆ ತೀರಾ ಸಣ್ಣಗೆ ಇಟ್ಟಾಗ ಅಂಟಿನ ಕೆಲಸ ಮಾಡಿತು.

ಮಿಕ್ಸಿಂಗ್‌ನಲ್ಲಿ ಮೇಲಿನ ಸಾಲಿನ ಎರಡು ಟೇಕ್ ಎಡ–ಬಲ ತುದಿಗೆ, ಕೆಳಗಿನದು ಅರ್ಧಕ್ಕೆ. ಮೇಲಿನದಕ್ಕೆ 180 ಹರ್ಟ್ಸ್ ಕೆಳಗೆ ಕಟ್, ಗಂಡಸಿನದಕ್ಕೆ 110ರ ಕೆಳಗೆ. ಅವರ ಮೂಲಸ್ವರವೇ 140ರ ಹತ್ತಿರ ಇರುವುದರಿಂದ ಇನ್ನೂ ಮೇಲೆ ಹೋದರೆ ಕಂಠ ಟೊಳ್ಳು. 3 ಕಿಲೋಹರ್ಟ್ಸ್ ಸುತ್ತ ಅಗಲವಾಗಿ ಮೂರು ಡಿಬಿ ಇಳಿಸಿದರೆ ಹಾರ್ಮನಿ ತಾನಾಗಿ ಹಿಂದೆ ಸರಿಯುತ್ತದೆ, ಫೇಡರ್ (ಸದ್ದಿನ ಮಟ್ಟದ ಪಟ್ಟಿ) ಅಷ್ಟು ತಗ್ಗಿಸಬೇಕಿಲ್ಲ. ಉಸಿರೆಲ್ಲ ಕತ್ತರಿಸಿದೆ, ಮುಖ್ಯ ಗಾಯನದ್ದು ಬಿಟ್ಟು. ಎಲ್ಲವನ್ನೂ ಒಂದು ಬಸ್‌ಗೆ (ಹಲವು ಟ್ರ್ಯಾಕ್ ಸೇರುವ ಒಂದೇ ದಾರಿ) ಹಾಕಿ ಜೋರಿನ ಸದ್ದನ್ನು ಎರಡು–ಮೂರು ಡಿಬಿ ಒತ್ತುವಷ್ಟು ಕಂಪ್ರೆಸರ್. ಪ್ಲೇಟ್ ರಿವರ್ಬ್ (ಕೃತಕ ಅನುರಣನ) ಎರಡು ಸೆಕೆಂಡಿಗೆ ಕಡಿಮೆ, ಹಾರ್ಮನಿಗೆ ಧಾರಾಳ, ಮುಖ್ಯಕ್ಕೆ ಚೂರು. ಮಟ್ಟ ಮುಖ್ಯ ಗಾಯನಕ್ಕಿಂತ ಏಳೆಂಟು ಡಿಬಿ ಕೆಳಗೆ, ಗಂಡಸಿನದು ಹತ್ತು. ಎಡ–ಬಲ ಕೂಡಿಸಿ ಮೊನೋ ಮಾಡಿದಾಗ ತುದಿಗೆ ಸರಿಸಿದ ಕಂಠಗಳು ನಡುವಿನದಕ್ಕಿಂತ ಸುಮಾರು ಮೂರು ಡಿಬಿ ಕುಗ್ಗುತ್ತವೆ, ಆದ್ದರಿಂದ ಕೊನೆಯ ಮಟ್ಟವನ್ನು ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಕೇಳಿ ಒಂದು ಡಿಬಿ ಏರಿಸಿ ಬಿಟ್ಟೆ.