ರದ್ದಾದ ಆಮದು ಸುಂಕ: ಕಟ್ಟಿದ ಹಣ ವಾಪಸ್ ಪಡೆಯುವುದು ಹೇಗೆ

ಸುಂಕವೊಂದು ತಪ್ಪು ಎಂದು ಕೋರ್ಟ್ ತೀರ್ಪು ಕೊಟ್ಟ ಮಾತ್ರಕ್ಕೆ ಅದನ್ನು ಕಟ್ಟಿದವರೆಲ್ಲರ ಖಾತೆಗೆ ಹಣ ಬಂದು ಬೀಳುವುದಿಲ್ಲ. ಭಾರತದ ಕಸ್ಟಮ್ಸ್‌ನಲ್ಲಿ ರೀಫಂಡ್ ಲೆಕ್ಕ ನಡೆಯುವುದು ಒಂದೊಂದು ಬಿಲ್ ಆಫ್ ಎಂಟ್ರಿಯ (ಸರಕು ಬಂದಾಗ ಆಮದುದಾರ ಕಸ್ಟಮ್ಸ್‌ಗೆ ಸಲ್ಲಿಸುವ ಘೋಷಣೆ) ಮೇಲೆ, ಅದೂ ಕೇಳಿದವರಿಗೆ ಮಾತ್ರ. ಬೇರೆ ಆಮದುದಾರ ಗೆದ್ದ ಕೇಸನ್ನು ತೋರಿಸಿ, ಮುಗಿದುಹೋದ ನಿಮ್ಮ ಅಸೆಸ್‌ಮೆಂಟಿನ (ಸುಂಕ ನಿಗದಿಯ) ಹಣ ಕೇಳುವಂತಿಲ್ಲ ಎಂದು ಮಫತ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1996ರ ಡಿಸೆಂಬರ್‌ನಲ್ಲೇ ಹೇಳಿದೆ. ಸುಂಕದ ಕಾಯ್ದೆಯೇ ಸಂವಿಧಾನಬಾಹಿರ ಎಂದಾದರೆ ರಿಟ್ ಅಥವಾ ದಾವೆಯ ದಾರಿ ಇದೆ. ಉಳಿದದ್ದೆಲ್ಲ ಕಸ್ಟಮ್ಸ್ ಕಾಯ್ದೆ, 1962ರ 27ನೇ ಸೆಕ್ಷನ್ ಮೂಲಕವೇ ಆಗಬೇಕು.

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ನೇರವಾಗಿ ರೀಫಂಡ್ ಅರ್ಜಿ ಹಾಕುತ್ತಾರೆ, ಅದು ತಿರಸ್ಕಾರವಾಗುತ್ತದೆ. ಐಟಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2019ರ ತೀರ್ಪಿನ ಪ್ರಕಾರ, ನೀವೇ ಮಾಡಿಕೊಂಡ ಸೆಲ್ಫ್ ಅಸೆಸ್‌ಮೆಂಟ್ ಕೂಡ ಒಂದು ಆದೇಶವೇ. ಅದು ಬದಲಾಗದೆ ರೀಫಂಡ್ ಅಧಿಕಾರಿ ಹಣ ಕೊಡುವಂತಿಲ್ಲ. ಹಾಗಾಗಿ ಮೊದಲು ಬಿಲ್ ಆಫ್ ಎಂಟ್ರಿಯನ್ನೇ ಸರಿಪಡಿಸಿಕೊಳ್ಳಿ. ಕಮಿಷನರ್ (ಅಪೀಲ್ಸ್) ಮುಂದೆ ಮೇಲ್ಮನವಿಗೆ 60 ದಿನ ಅವಕಾಶ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಇನ್ನೂ 30 ದಿನ ಸಿಗಬಹುದು, ಅದರಾಚೆ ಕ್ಷಮಿಸುವ ಅಧಿಕಾರ ಅವರಿಗೂ ಇಲ್ಲ. ಸರಕು ಬಿಡಿಸಿಕೊಂಡ ಹೊತ್ತಿಗೇ ಇದ್ದ ದಾಖಲೆಗಳಿಂದಲೇ ನಿಮ್ಮ ವಾದ ಸಾಬೀತಾಗುವಂತಿದ್ದರೆ 149ನೇ ಸೆಕ್ಷನ್ ಅಡಿ ತಿದ್ದುಪಡಿ ಕೇಳಬಹುದು. ಬರೀ ಬರವಣಿಗೆ, ಕೂಡು-ಕಳೆಯುವಿಕೆಯ ತಪ್ಪಾಗಿದ್ದರೆ 154ನೇ ಸೆಕ್ಷನ್ ಸಾಕು.

ರೀಫಂಡ್ ಅರ್ಜಿಯ ಗಡುವು ಸುಂಕ ಕಟ್ಟಿದ ದಿನದಿಂದ ಒಂದು ವರ್ಷ. ಮೇಲ್ಮನವಿ ಪ್ರಾಧಿಕಾರ ಅಥವಾ ಕೋರ್ಟಿನ ಆದೇಶದಿಂದಾಗಿ ರೀಫಂಡ್ ಹುಟ್ಟಿದ್ದರೆ ಆ ಆದೇಶದ ದಿನದಿಂದ ಒಂದು ವರ್ಷ. ಪ್ರಾವಿಷನಲ್ (ತಾತ್ಕಾಲಿಕ) ಅಸೆಸ್‌ಮೆಂಟ್ ಆಗಿದ್ದರೆ ಅಂತಿಮ ಅಸೆಸ್‌ಮೆಂಟ್ ನಂತರ ಸುಂಕ ಹೊಂದಾಣಿಕೆಯಾದ ದಿನದಿಂದ. ‘ಅಂಡರ್ ಪ್ರೊಟೆಸ್ಟ್’, ಅಂದರೆ ಆಕ್ಷೇಪಣೆ ದಾಖಲಿಸಿ ಕಟ್ಟಿದ್ದರೆ ಈ ಗಡುವೇ ಅನ್ವಯಿಸದು. ಆದ್ದರಿಂದ ಸುಂಕದ ವಿರುದ್ಧ ಕೇಸು ನಡೆಯುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನದಿಂದಲೇ ಪ್ರತಿ ಕನ್‌ಸೈನ್‌ಮೆಂಟಿಗೂ ಪ್ರೊಟೆಸ್ಟ್ ಪತ್ರ ಕೊಡುತ್ತಾ ಬನ್ನಿ. ಬಿಲ್ ಆಫ್ ಎಂಟ್ರಿ ಸಂಖ್ಯೆ, ದಿನಾಂಕ, ಚಲನ್ ಸಂಖ್ಯೆ, ಆಕ್ಷೇಪಿಸುವ ಮೊತ್ತ, ಕಾರಣ ಇಷ್ಟಿದ್ದರೆ ಸಾಕು, ಸ್ವೀಕೃತಿ ಮುದ್ರೆ ಮಾತ್ರ ಮರೆಯಬೇಡಿ. ಪ್ರೊಟೆಸ್ಟ್ ಉಳಿಸುವುದು ರೀಫಂಡಿನ ಒಂದು ವರ್ಷವನ್ನು ಮಾತ್ರ. ಮೇಲ್ಮನವಿಯ 60 ದಿನ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ.

ಎಷ್ಟು ಕೇಳಬೇಕು? 10,00,000 ರೂಪಾಯಿ ಮೌಲ್ಯದ ಸರಕು. ಮೂಲ ಸುಂಕ ಶೇ 20 ಕಟ್ಟಿದ್ದೀರಿ, ಶೇ 10 ಸಾಕಿತ್ತು ಎಂದು ತೀರ್ಮಾನವಾಗಿದೆ ಎನ್ನೋಣ. ಮೂಲ ಸುಂಕದಲ್ಲಿ 1,00,000 ಹೆಚ್ಚು. ಅದರ ಮೇಲಿನ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್ 10,000. ಈ 1,10,000ದ ಮೇಲೆ ಶೇ 18 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) 19,800. ಒಟ್ಟು 1,29,800. ಆದರೆ ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು) ತೆಗೆದುಕೊಂಡಿದ್ದರೆ ಆ 19,800 ಬಿಟ್ಟು 1,10,000 ಮಾತ್ರ ಕೇಳಿ. ಎರಡೂ ಕಡೆ ಪಡೆಯಲು ಹೊರಟರೆ ಇಡೀ ಕಡತದ ಮೇಲೆ ಅನುಮಾನ ಏಳುತ್ತದೆ.

ನಿಜವಾದ ಜಗಳ ಇರುವುದು ಮುಂದೆ. ಸುಂಕದ ಹೊರೆಯನ್ನು ನೀವು ಗಿರಾಕಿಗೆ ದಾಟಿಸಿದ್ದೀರಿ ಎಂದೇ 28ಡಿ ಸೆಕ್ಷನ್ ಭಾವಿಸುತ್ತದೆ. ಅಲ್ಲ ಎಂದು ತೋರಿಸುವುದು ನಿಮ್ಮ ಹೊಣೆ. ತೋರಿಸದಿದ್ದರೆ ರೀಫಂಡ್ ಮಂಜೂರಾದರೂ ಹಣ ಹೋಗುವುದು ಗ್ರಾಹಕ ಕಲ್ಯಾಣ ನಿಧಿಗೆ. ಕಚ್ಚಾವಸ್ತು ನಮ್ಮ ಕಾರ್ಖಾನೆಯಲ್ಲೇ ಬಳಕೆಯಾಯಿತು ಎಂಬ ಸಬೂಬೂ ನಡೆಯದು, ಸೋಲಾರ್ ಪೆಸ್ಟಿಸೈಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲನ್ನೂ ಮುಚ್ಚಿದೆ. ಅಧಿಕಾರಿ ಮೊದಲು ತೆರೆಯುವುದು ಬ್ಯಾಲೆನ್ಸ್ ಶೀಟ್. ವಿವಾದದ ಮೊತ್ತ ‘ಕಸ್ಟಮ್ಸ್‌ನಿಂದ ಬರಬೇಕಾದದ್ದು’ ಎಂದು ಆಸ್ತಿಯ ಕಡೆ ಕೂತಿರಬೇಕು. ಲಾಭ-ನಷ್ಟ ಖಾತೆಯಲ್ಲಿ ಖರ್ಚಾಗಿ ಬರೆದಿದ್ದರೆ, ಚಾರ್ಟರ್ಡ್ ಅಕೌಂಟೆಂಟ್ ಎಷ್ಟು ಚೆಂದದ ಪ್ರಮಾಣಪತ್ರ ಕೊಟ್ಟರೂ ಗೆಲ್ಲುವುದು ಕಷ್ಟ. ಸುಂಕ ಏರುವ ಮೊದಲಿನ ಮತ್ತು ನಂತರದ ಮಾರಾಟದ ಇನ್‌ವಾಯ್ಸ್‌ಗಳನ್ನು ಅಕ್ಕಪಕ್ಕ ಇಟ್ಟು ಬೆಲೆ ಏರಿಲ್ಲ ಎಂದು ತೋರಿಸುವುದು ಒಳ್ಳೆಯದು, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಅರ್ಜಿಯ ಜೊತೆ ತಿದ್ದುಪಡಿಯಾದ ಬಿಲ್ ಆಫ್ ಎಂಟ್ರಿ, ಪಾವತಿ ಚಲನ್, ಖರೀದಿ ಇನ್‌ವಾಯ್ಸ್, ಆದೇಶದ ಪ್ರತಿ, ಪ್ರೊಟೆಸ್ಟ್ ಪತ್ರ, ಲೆಡ್ಜರ್, ಅಕೌಂಟೆಂಟ್ ಪ್ರಮಾಣಪತ್ರ, ಬ್ಯಾಂಕ್ ವಿವರ ಇರಲಿ. ಕೊರತೆಯಿದ್ದರೆ ಇಲಾಖೆ ಅರ್ಜಿಯನ್ನು ಹತ್ತು ಕೆಲಸದ ದಿನಗಳಲ್ಲಿ ವಾಪಸ್ ಕಳಿಸಬೇಕು, ಎಲ್ಲ ಸರಿಯಿದ್ದರೆ ಸ್ವೀಕೃತಿ ಕೊಡಬೇಕು. ಅರ್ಜಿ ತಲುಪಿ ಮೂರು ತಿಂಗಳಾದರೂ ಹಣ ಬಾರದಿದ್ದರೆ ಅಲ್ಲಿಂದ ವರ್ಷಕ್ಕೆ ಶೇ 6 ಬಡ್ಡಿ ಸಿಗುತ್ತದೆ. ಅರ್ಜಿಯಲ್ಲೇ ಬಡ್ಡಿಯನ್ನೂ ಕೇಳಿರಿ. ಇಲಾಖೆ ಮೇಲಿನ ಕೋರ್ಟಿಗೆ ಹೋಗಿದೆ ಎಂದು ಕಡತ ಬದಿಗಿಟ್ಟರೆ ತಡೆಯಾಜ್ಞೆಯ ಪ್ರತಿ ಕೇಳಿ, ಬರೀ ಮೇಲ್ಮನವಿ ಹಾಕಿದ್ದರಿಂದ ತಡೆ ಸಿಕ್ಕಂತಾಗುವುದಿಲ್ಲ.

ಮೇಲ್ಮನವಿ ಹಾಕುವಾಗ ಕಟ್ಟಿದ ಶೇ 7.5ರ ಪ್ರಿ-ಡೆಪಾಸಿಟ್ಟನ್ನು ಇದರಲ್ಲಿ ಬೆರೆಸಬೇಡಿ. ಅದು ಸುಂಕವಲ್ಲ, ಠೇವಣಿ. ಬೇರೆ ಪತ್ರ ಬರೆದು ಕೇಳಿ. ಹೊರೆ ದಾಟಿಸಿದ ಪ್ರಶ್ನೆ ಅಲ್ಲಿ ಏಳುವುದಿಲ್ಲ, ಬಡ್ಡಿಯೂ ಕಟ್ಟಿದ ದಿನದಿಂದಲೇ ಲೆಕ್ಕ.