ಕವಳ ಚೆಲ್ಲದ ಕಾರು, ಚೇಳಿನ ಕಾರು

ನಮ್ಮ ಮನೆಯಲ್ಲಿ ದಿನದ ಕೆಲಸಕ್ಕೆ ಒಂದು ಬೊಲೆರೊ ಇದೆ. ಅಡಿಕೆ ಮೂಟೆ, ಗೊಬ್ಬರ, ಹಿಂಡಿ, ನೆಂಟರು ಎಲ್ಲ ಅದರಲ್ಲೇ. ಹಾಗಾಗಿ ಎರಡನೇ ಕಾರು ಅಂದಾಗ ಮನೆಯವರ್ಯಾರೂ ಅದನ್ನ ಅಗತ್ಯ ಅಂತ ಒಪ್ಪಲಿಲ್ಲ. ನಾನೂ ವಾದ ಮಾಡಲಿಲ್ಲ. ಅಗತ್ಯ ಇರಲಿಲ್ಲ, ಆಸೆ ಇತ್ತು. ಭಾನುವಾರ ಬೆಳಗ್ಗೆ ಐದೂವರೆಗೆ ಎದ್ದು ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಚಾ ಕುಡಿದು, ಒಂಬತ್ತಕ್ಕೆ ಶಿರಸಿಗೆ ವಾಪಸ್ ಬರೋದಕ್ಕೊಂದು ಕಾರು. ಅಷ್ಟೇ.

ಕಾಲೇಜಿನಲ್ಲಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಮಜ್ದಾ ಎಂಎಕ್ಸ್-5. ಎರಡೇ ಸೀಟು, ಬಿಚ್ಚುವ ಚಾವಣಿ. 1989ರಲ್ಲಿ ಬಂದ ಮೊದಲ ಮಾದರಿಯ ತೂಕ ಒಂದು ಟನ್ನಿಗೂ ಕಡಿಮೆ. ಶಕ್ತಿ ಏನೂ ಭಾರಿ ಅಲ್ಲ, ಹಗುರ ಇದ್ದದ್ದೇ ಅದರ ಗುಟ್ಟು. ಆದರೆ ಅದು ನಮ್ಮ ದೇಶದ ಶೋರೂಮಿಗೆ ಬರಲೇ ಇಲ್ಲ. ನಮ್ಮ ಕಡೆ ಮಜ್ದಾ ಅಂದರೆ ಸ್ವರಾಜ್ ಮಜ್ದಾ ಲಾರಿ. ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ಒಂದನ್ನು ಬೆಂಗಳೂರಿನಲ್ಲಿ ನೋಡಿಯೂ ಬಂದೆ. ಅದರ ಬ್ರೇಕ್ ಪ್ಯಾಡಿನ ಬೆಲೆ ಕೇಳಿ ಸುಮ್ನೆ ಬಸ್ಸು ಹತ್ತಿದೆ.

ಕೊನೆಗೆ ನನ್ನ ದುಡ್ಡಿಗೆ ಎಟುಕಿದ್ದು ಎರಡು ಕಾರು, ಎರಡೂ ಸೆಕೆಂಡ್ ಹ್ಯಾಂಡ್. ಒಂದು ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ, ಆಟೋಮ್ಯಾಟಿಕ್. 180 ಕುದುರೆ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ), ಹಿಂದೆ 590 ಲೀಟರ್ ಡಿಕ್ಕಿ. ಇನ್ನೊಂದು ಫಿಯೆಟ್‌ನ ಅಬಾರ್ಥ್ ಪುಂಟೊ. 1.4 ಟಿ-ಜೆಟ್ ಟರ್ಬೊ ಪೆಟ್ರೋಲ್, 145 ಕುದುರೆ, 212 ನ್ಯೂಟನ್ ಮೀಟರ್, ಐದು ಗೇರು, ಕೈಯಲ್ಲೇ ಹಾಕಬೇಕು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. 2015ರ ಅಕ್ಟೋಬರ್‌ನಲ್ಲಿ ಬಂದಾಗ ದಿಲ್ಲಿ ಶೋರೂಮ್ ಬೆಲೆ 9.95 ಲಕ್ಷ ಇತ್ತು. ಕೆಲವೇ ವರ್ಷದಲ್ಲಿ ನಿಂತೂ ಹೋಯಿತು. ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ತಯಾರಾದ ಕಾರು, ಹೆಸರು ಮಾತ್ರ ಪೂರ್ತಿ ಇಟಲಿಯದು.

ಕಾಗದದ ಮೇಲೆ ನೋಡಿದರೆ ಆಕ್ಟೇವಿಯಾನೇ ಗೆಲ್ಲಬೇಕು. ಶಕ್ತಿ ಜಾಸ್ತಿ, ಜಾಗ ಜಾಸ್ತಿ, ಸದ್ದು ಕಡಿಮೆ. ನಾನೂ ಒಂದು ತಿಂಗಳು ಹಾಗೇ ಅಂದುಕೊಂಡಿದ್ದೆ.

ಇಲ್ಲಿ ನಾನು ಮಾಡಿದ ಒಂದು ಒಳ್ಳೆ ಕೆಲಸ ಹೇಳಬೇಕು. ಎರಡನ್ನೂ ಬೆಂಗಳೂರಿನ ರಸ್ತೆಯಲ್ಲಿ ಓಡಿಸಿ ತೀರ್ಮಾನ ಮಾಡಲಿಲ್ಲ. ಆಕ್ಟೇವಿಯಾ ಹುಬ್ಬಳ್ಳಿಯವರದ್ದು. ಅವರನ್ನು ಒಪ್ಪಿಸಿ ಒಂದು ದಿನಕ್ಕೆ ಶಿರಸಿಗೆ ತಂದೆ. ಅಬಾರ್ಥ್ ಮಾಲೀಕರು ಬೆಂಗಳೂರಿನವರು, ಗೋಕರ್ಣಕ್ಕೆ ಬರುವವರಿದ್ದರು. ಅವರನ್ನು ಕುಮಟಾದಲ್ಲಿ ಹಿಡಿದೆ. ಎರಡೂ ಕಾರು ನನ್ನ ಘಟ್ಟ ಹತ್ತಿದವು, ನಮ್ಮ ಊರಿನ ರಸ್ತೆ ನೋಡಿದವು, ನನ್ನ ಅಪ್ಪಯ್ಯನನ್ನು ಕೂರಿಸಿಕೊಂಡವು.

ಅಪ್ಪಯ್ಯನಿಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಅವರ ಬಾಯಲ್ಲಿ ಯಾವಾಗಲೂ ಕವಳ, ಅಂದರೆ ಎಲೆ ಅಡಿಕೆ, ಇರುತ್ತದೆ, ಅದಕ್ಕೇ ಅವರನ್ನು ಕರೆದುಕೊಂಡು ಹೋಗಿದ್ದು. ಆಕ್ಟೇವಿಯಾದಲ್ಲಿ ಶಿರಸಿ ಬಿಟ್ಟು ರಾಗಿಹೊಸಳ್ಳಿ, ಬಂಡಲ ದಾಟಿ ದೇವಿಮನೆ ಗುಡಿ ಬರುವವರೆಗೂ ಅವರು ಕವಳ ಮೆಲ್ಲುತ್ತಾ ಅಡಿಕೆ ದರದ ಮಾತಾಡುತ್ತಿದ್ದರು. ಘಟ್ಟ ಇಳಿಯುವಾಗ ಮಾತು ನಿಂತಿತು. ನೋಡಿದರೆ ನಿದ್ದೆ. ಕತಗಾಲದಲ್ಲಿ ಎಚ್ಚರಾಗಿ, 'ಘಟ್ಟ ಬಂತನ ತಮಾ?' ಅಂತ ಕೇಳಿದರು.

ಅಬಾರ್ಥ್‌ನಲ್ಲಿ ನಮ್ಮ ಊರಿನ ಮೊದಲ ರಸ್ತೆ ಉಬ್ಬಿಗೇ ಅರ್ಧ ಕವಳ ಗಂಟಲಿಗಿಳಿಯಿತು. 'ಇದು ಕಾರನ, ಎತ್ತಿನಗಾಡಿಯನ?' ಅಂದರು. ಆಮೇಲೆ ಇಳಿದಾಗ ಬಾನೆಟ್ಟಿನ ತುದಿಯಲ್ಲಿದ್ದ ಲಾಂಛನ ಕಣ್ಣಿಗೆ ಬಿತ್ತು. 'ಇದೆಂತಾ ಚೇಳು?'

ಅಬಾರ್ಥ್ ಕಂಪನಿಯನ್ನು 1949ರಲ್ಲಿ ಶುರು ಮಾಡಿದ ಕಾರ್ಲೊ ಅಬಾರ್ಥ್‌ದು ಅವರ ಕಡೆ ಲೆಕ್ಕದಲ್ಲಿ ವೃಶ್ಚಿಕ ರಾಶಿ, ಅದಕ್ಕೇ ಚೇಳು ಅಂತ ಹೇಳಿದೆ. ರಾಶಿ ಅಂದ ಕೂಡಲೆ ಅಪ್ಪಯ್ಯನಿಗೆ ಕಾರಿನ ಮೇಲೆ ಸ್ವಲ್ಪ ಗೌರವ ಬಂತು. ಸೊಂಟ ನೋವು ಮಾತ್ರ ಹೋಗಲಿಲ್ಲ.

ಹಾಗಾದರೆ ನಾನು ಯಾಕೆ ಚೇಳನ್ನೇ ತಂದೆ?

ಆಕ್ಟೇವಿಯಾದಲ್ಲಿ ಘಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಮೀಟರ್ ನೋಡಿದೆ. 65. ನಾನು ಅಂದುಕೊಂಡದ್ದು 40 ಇರಬಹುದು ಅಂತ. ಕಾರು ಅಷ್ಟು ಚೆನ್ನಾಗಿದೆ. ಏನೂ ಅಲುಗುವುದಿಲ್ಲ, ಏನೂ ಕೇಳುವುದಿಲ್ಲ. ಅಂಥ ಕಾರಿನಲ್ಲಿ ಮಜಾ ಬರಬೇಕು ಅಂದರೆ ಇನ್ನೂ ಜೋರಾಗಿ ಹೋಗಬೇಕು. ಆದರೆ ದೇವಿಮನೆಯಲ್ಲಿ ಎಲ್ಲಿಗೆ ಅಂತ ಜೋರಾಗಿ ಹೋಗೋದು? ಒಂದು ತಿರುವಿನ ಆಚೆ ಮೀನಿನ ಗಾಡಿ, ಇನ್ನೊಂದರ ಆಚೆ ನಡುರಸ್ತೆಯಲ್ಲಿ ಕೂತ ಮಂಗ. ಮೀನಿನ ಗಾಡಿಯಿಂದ ಸೋರಿದ ನೀರು ತಿರುವಿನ ಒಳಮೈಯಲ್ಲೇ ಹರಡಿರುತ್ತದೆ, ಎಣ್ಣೆ ಸುರಿದ ಹಾಗೆ ಜಾರುತ್ತದೆ. ಅಂದರೆ ಆ ಕಾರಿನ ಸುಖ ಸಿಗುವ ವೇಗ ನನ್ನ ರಸ್ತೆಯಲ್ಲಿ ಇಲ್ಲ.

ಅಬಾರ್ಥ್ 45ಕ್ಕೇ ಎದ್ದು ಕೂತಿತ್ತು. ಅದರ ಸ್ಟೀರಿಂಗ್ ಹಳೆ ಕಾಲದ ಹೈಡ್ರಾಲಿಕ್ ಬಗೆಯದು, ಪಾರ್ಕಿಂಗ್‌ನಲ್ಲಿ ಸ್ವಲ್ಪ ಭಾರ. ಆದರೆ ಗುಡಿ ದಾಟಿ ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ, ಧರೆಯಿಂದ ಮಳೆಗೆ ತೊಳೆದು ಬಂದ ಮರಳು ರಸ್ತೆ ಅಂಚಿನಲ್ಲಿ ಬಿದ್ದಿತ್ತು. ಎಡಗಡೆ ಮುಂದಿನ ಚಕ್ರ ಅದರ ಮೇಲೆ ಹತ್ತಿದ ಕ್ಷಣ ಸ್ಟೀರಿಂಗ್ ಕೈಯಲ್ಲಿ ಹಗುರಾಯಿತು. ಒಂದು ಗೇಣು ಜಾಗದಲ್ಲಿ ಹಗುರಾಗಿ ಮತ್ತೆ ಬಿಗಿಯಾಯಿತು. ಮರಳು ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಾಗಿತ್ತು. ಆಕ್ಟೇವಿಯಾದಲ್ಲಿ ಅದೇ ತಿರುವು ದಾಟಿದ್ದೆ, ಅಲ್ಲಿ ಮರಳಿದೆ ಅನ್ನೋದೇ ನನಗೆ ತಿಳಿದಿರಲಿಲ್ಲ.

ನಾನು ಅಬಾರ್ಥ್‌ನಲ್ಲಿ ಕೂತೇ ಮನಸ್ಸಿನಲ್ಲಿ ಲೆಕ್ಕ ಮುಗಿಸಿದೆ. ಭಾನುವಾರದ ಕಾರು ಎಷ್ಟು ವೇಗ ಹೋಗುತ್ತೆ ಅನ್ನೋದು ನನಗೆ ಬೇಡ. 50ರ ಒಳಗೆ ಅದು ನನ್ನ ಜೊತೆ ಮಾತಾಡುತ್ತಾ ಇಲ್ವಾ ಅನ್ನೋದು ಬೇಕು.

ಅದರಲ್ಲೂ ಕಿರಿಕಿರಿ ಇಲ್ಲ ಅಂತಲ್ಲ. ಟರ್ಬೊ ಇಂಜಿನ್, ಹೊರಹೋಗುವ ಹೊಗೆಯ ರಭಸದಿಂದಲೇ ಒಳಗೆ ಹೆಚ್ಚು ಗಾಳಿ ತುಂಬಿಕೊಳ್ಳುವ ಬಗೆ. ಎರಡು ಸಾವಿರ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು) ಕೆಳಗೆ ಅದಕ್ಕೆ ಮಧ್ಯಾಹ್ನದ ನಿದ್ದೆ. ಮೊದಮೊದಲು ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರಿನಲ್ಲಿ ಒತ್ತಿದರೆ ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಮ್ಮೆಲೇ ಯಾರೋ ಹಿಂದಿನಿಂದ ನೂಕಿದ ಹಾಗೆ. ತಿರುವಿಗೆ ಮೊದಲೇ ಗೇರು ಇಳಿಸಿ ಇಂಜಿನ್ನನ್ನು ಎರಡೂವರೆ ಸಾವಿರದ ಮೇಲೆ ಇಟ್ಟುಕೊಳ್ಳೋದು ಕಲಿಯುವುದಕ್ಕೆ ನಾಲ್ಕು ಭಾನುವಾರ ಬೇಕಾಯಿತು. ಪೆಟ್ರೋಲಂತೂ ಕೇಳಬೇಡಿ, ಘಟ್ಟದಲ್ಲಿ ಲೀಟರಿಗೆ ಹತ್ತು ಹನ್ನೊಂದು.

ನಮ್ಮ ಮೆಕ್ಯಾನಿಕ್ ಬೇರೆ ಹೆದರಿಸಿದ. 'ಹೆಗಡೇರೇ, ಕಂಪನಿನೇ ಕಾರು ಮಾರೋದು ಬಿಟ್ಟಿದೆ, ನೀವು ತಗೊಳ್ತೀನಿ ಅಂತೀರಲ್ರೀ.' ಮಾತು ಸುಳ್ಳಲ್ಲ. ಆದರೆ ಟಿ-ಜೆಟ್ ಇಂಜಿನ್ ಫಿಯೆಟ್‌ನದೇ ಲಿನಿಯಾ ಕಾರಿನಲ್ಲೂ ಇತ್ತು, ಬಾಡಿಯ ಬಹುಪಾಲು ಮಾಮೂಲಿ ಪುಂಟೊದ್ದೇ. ಹಾಗಾಗಿ ಸಾಮಾನು ಸಿಗುತ್ತದೆ, ಆದರೆ ಕಾಯಬೇಕು. ಭಾನುವಾರದ ಕಾರು ಎರಡು ವಾರ ನಿಂತರೆ ಯಾರ ಊಟವೂ ತಪ್ಪುವುದಿಲ್ಲ. ಮನೆಯಲ್ಲಿ ಅದೊಂದೇ ಕಾರು ಇದ್ದಿದ್ದರೆ ನಾನು ಖಂಡಿತ ಆಕ್ಟೇವಿಯಾ ಕಡೆ ವಾಲುತ್ತಿದ್ದೆ. ಬೊಲೆರೊ ಇದೆ ಅನ್ನೋ ಧೈರ್ಯದ ಮೇಲೆ ಮಾಡಿದ ಆಯ್ಕೆ ಇದು.

ಕೊಳ್ಳುವಾಗ ಆ ಮೆಕ್ಯಾನಿಕ್ಕನ್ನೇ ಬೆಂಗಳೂರಿಗೆ ಕರೆದುಕೊಂಡು ಹೋದೆ. ಬಸ್ ಚಾರ್ಜು, ಊಟ, ಒಂದು ದಿನದ ಕೂಲಿ. ಅದಕ್ಕಿಂತ ಲಾಭದ ಖರ್ಚು ಬೇರೆ ಮಾಡಿಲ್ಲ. ನಾವು ಬರುವ ಮೊದಲು ಇಂಜಿನ್ ಶುರು ಮಾಡಬೇಡಿ ಅಂತ ಮಾಲೀಕರಿಗೆ ಮೊದಲೇ ಹೇಳಿದ್ದೆವು. ಬಿಸಿ ಇಂಜಿನ್ ಎಲ್ಲ ರೋಗ ಮುಚ್ಚಿಡುತ್ತದೆ. ಅವನು ಬಾನೆಟ್ ಮೇಲೆ ಅಂಗೈ ಇಟ್ಟು ತಣ್ಣಗಿದೆ ಅಂತ ನೋಡಿಕೊಂಡೇ ಕೀಲಿ ತಿರುಗಿಸಿದ. ನೀಲಿ ಹೊಗೆ ಬರಲಿಲ್ಲ, ಅಂದರೆ ಇಂಜಿನ್ ಆಯಿಲ್ ಸುಡುತ್ತಿಲ್ಲ. ಆಮೇಲೆ ಟೈರಿನ ಪಕ್ಕೆ ಒರೆಸಿ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ತೋರಿಸಿದ: 3416. ಅಂದರೆ 2016ರ 34ನೇ ವಾರದಲ್ಲಿ ಮಾಡಿದ ಟೈರು. ಮೇಲೆ ಗೀಟು ಚೆನ್ನಾಗಿಯೇ ಇತ್ತು, ರಬ್ಬರ್ ಮಾತ್ರ ಮರ ಆಗಿತ್ತು. ಅದೊಂದೇ ಮಾತಿನ ಮೇಲೆ 25 ಸಾವಿರ ಇಳಿಯಿತು. ಹೊಸ 195/55 ಆರ್16 ಟೈರು ಹಾಕಿಸಿದ ದಿನವೇ ಅರ್ಧ ಎತ್ತಾಟ ಕಡಿಮೆಯಾಯಿತು ಅನ್ನೋದನ್ನೂ ಹೇಳಬೇಕು. ಅಪ್ಪಯ್ಯನ ಕವಳ ನುಂಗಿಸಿದ್ದರಲ್ಲಿ ಆ ಹಳೆ ಟೈರಿನದೂ ಪಾಲಿತ್ತು ಅನ್ನಿ.

ತಂದ ಕೂಡಲೆ ಟೈಮಿಂಗ್ ಬೆಲ್ಟ್, ಅದರ ಜೊತೆ ವಾಟರ್ ಪಂಪ್ ಬದಲಿಸಿದೆವು. ಈ ಇಂಜಿನ್‌ನಲ್ಲಿ ಇರೋದು ಚೈನ್ ಅಲ್ಲ, ಬೆಲ್ಟು. ಅದು ಕಡಿದರೆ ಇಂಜಿನ್ನಿನ ಕತೆ ಮುಗಿದ ಹಾಗೆ. ಹಿಂದಿನವರು ಬದಲಿಸಿದ್ದಾರೆ ಅಂತ ಬಾಯಿಮಾತಿನಲ್ಲಿ ಹೇಳಿದ್ದರು, ಬಿಲ್ಲು ಇರಲಿಲ್ಲ. ಬ್ರೇಕ್ ಆಯಿಲ್ಲನ್ನೂ ಹೊಸದು ಹಾಕಿಸಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ನಮ್ಮ ಮಳೆ, ನಮ್ಮ ಘಟ್ಟ ಎರಡೂ ಸೇರಿದರೆ ಕೇಳಬೇಕಾ. ಎರಡು ವರ್ಷಕ್ಕೊಮ್ಮೆ ತಪ್ಪಿಸುವುದಿಲ್ಲ. ಘಟ್ಟ ಹತ್ತಿ ಬಂದು ನಿಲ್ಲಿಸಿದಾಗ ಒಂದು ನಿಮಿಷ ಇಂಜಿನ್ ಹಾಗೇ ಬಿಡೋದು ರೂಢಿ, ಟರ್ಬೊ ತಣ್ಣಗಾಗಲಿ ಅಂತ.

ನನ್ನದೇ ಒಂದು ಪೆದ್ದುತನವನ್ನೂ ಬರೆದುಬಿಡುತ್ತೇನೆ. ಈ ಕಾರಿನ ಹೊಟ್ಟೆ ನೆಲದಿಂದ 155 ಮಿಲಿಮೀಟರ್ ಎತ್ತರ. ಡಾಂಬರು ರಸ್ತೆಯಿಂದ ನಮ್ಮ ಮನೆಗೆ ಮುಕ್ಕಾಲು ಕಿಲೋಮೀಟರ್ ಮಣ್ಣು ದಾರಿ. ಬೊಲೆರೊ ಚಕ್ರದ ಎರಡು ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ. ಟೇಪು ಹಿಡಿದು ಅಳೆಯಬೇಕಿತ್ತು, ಅಳೆಯಲಿಲ್ಲ. ಮೊದಲ ದಿನವೇ ಕಾರು ಆ ದಿಬ್ಬದ ಮೇಲೆ ಆಮೆ ಹಾಗೆ ಕೂತುಬಿಟ್ಟಿತು. ಪೂಜೆಗೆ ಆಯಿ ಆರತಿ ತಟ್ಟೆ ಹಿಡಿದು ಅಂಗಳದಲ್ಲಿ ಕಾಯುತ್ತಿದ್ದರು. ತೋಟದ ಕೆಲಸದವರು ನಾಲ್ಕು ಜನ ಬಂದು ಎತ್ತಿ ಸರಿಸಿದರು. ಮರುವಾರ ನಾಲ್ಕು ಟ್ರ್ಯಾಕ್ಟರ್ ಚಿರೇಕಲ್ಲಿನ ಚೂರು ತರಿಸಿ ಜಾಡು ತುಂಬಿಸಿದೆ. ಆ ಖರ್ಚನ್ನು ಕಾರಿನ ಬೆಲೆಗೇ ಸೇರಿಸಿ ಬರೆದಿದ್ದೇನೆ.

ಮಳೆಗಾಲದ ನಾಲ್ಕು ತಿಂಗಳು ಕಾರು ಹೆಚ್ಚುಕಡಿಮೆ ಕೊಟ್ಟಿಗೆ ಪಕ್ಕದ ಮಾಡಿನಲ್ಲೇ ಇರುತ್ತದೆ. ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿ ಇಡುತ್ತೇನೆ, ಒಳಗೆ ತೇವ ಕೂರಬಾರದು ಅಂತ. ಹ್ಯಾಂಡ್‌ಬ್ರೇಕ್ ಹಾಕುವುದಿಲ್ಲ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಮೊದಲ ವರ್ಷ ಹಾಕಿಟ್ಟು ಪ್ಯಾಡು ಡಿಸ್ಕಿಗೆ ಕಚ್ಚಿಕೊಂಡಿತ್ತು. ಹದಿನೈದು ದಿನಕ್ಕೊಮ್ಮೆ ಮಳೆ ಹೊಳವಾದಾಗ ಇಪ್ಪತ್ತು ಕಿಲೋಮೀಟರ್ ಓಡಿಸಿ ತರಬೇಕು, ನಿಂತಲ್ಲೇ ಐದು ನಿಮಿಷ ಇಂಜಿನ್ ತಿರುಗಿಸಿದರೆ ಪ್ರಯೋಜನ ಇಲ್ಲ. ಸೀಟಿಗೆ ಬೂಸ್ಟು ಹಿಡಿಯುತ್ತದೆ, ಅದಕ್ಕೆ ಒಣಬಟ್ಟೆಯೇ ಮದ್ದು. ಇಲಿಗೆ ಮಾತ್ರ ನನಗಿನ್ನೂ ಮದ್ದು ಸಿಕ್ಕಿಲ್ಲ. ಹೊಗೆಸೊಪ್ಪು ಕಟ್ಟಿ ನೋಡಿದೆ, ಕರ್ಪೂರ ಇಟ್ಟು ನೋಡಿದೆ. ನಮ್ಮನೆ ಇಲಿಗಳಿಗೆ ಕವಳದ ಮನೆಯ ಅಭ್ಯಾಸ ಇದೆ ಅಂತ ಕಾಣುತ್ತದೆ, ಹೊಗೆಸೊಪ್ಪಿಗೆ ಕ್ಯಾರೇ ಅನ್ನಲಿಲ್ಲ.

ಆ ಆಕ್ಟೇವಿಯಾ ಏನಾಯಿತು ಅಂದರೆ, ಚಿಕ್ಕಪ್ಪನ ಮಗ ತಗೊಂಡ. ಅವನಿಗೆ ವಾರಕ್ಕೆರಡು ಸಲ ಹುಬ್ಬಳ್ಳಿ ಓಡಾಟ. ಅವನ ಕೆಲಸಕ್ಕೆ ಅದೇ ಸರಿ.

ಕಳೆದ ಜನವರಿಯಲ್ಲಿ ಇಬ್ಬರೂ ಎರಡು ಕಾರು ತಗೊಂಡು ಕಾರವಾರಕ್ಕೆ ಹೋಗಿದ್ದೆವು, ನೆಂಟರ ಮನೆಯ ಉಪನಯನ. ಹೋಗುವಾಗ ಸುರಂಗದಲ್ಲಿ ಕಿಟಕಿ ಇಳಿಸಿ, ಗೇರು ಇಳಿಸಿ, ಸೈಲೆನ್ಸರ್ ಸದ್ದು ಕೇಳಿ ಚಿಕ್ಕ ಹುಡುಗನ ಹಾಗೆ ನಕ್ಕಿದ್ದು ನಿಜ. ಸಂಜೆ ವಾಪಸ್ ಬರುವಾಗ ಅದೇ ಸದ್ದು ತಲೆಯೊಳಗೆ ಸುತ್ತಿಗೆ ಬಡಿಯುತ್ತಿತ್ತು. ಊಟ ಜಾಸ್ತಿ ಆಗಿತ್ತು, ಬಿಸಿಲಿಗೆ ಬಳಲಿದ್ದೆ. ಹೆದ್ದಾರಿಯ ಒಂದೊಂದು ಜೋಡಣೆಯೂ ಬೆನ್ನಿಗೆ ಹೊಡೆಯುತ್ತಿತ್ತು. ಅಂಕೋಲಾದಲ್ಲಿ ಚಾಕ್ಕೆ ನಿಂತಾಗ ತಮ್ಮನಿಗೆ ನಾನೇ ಕೇಳಿದೆ, ಕಾರು ಬದಲಾಯಿಸೋಣ್ವಾ ಅಂತ. ಅವನು ಮಾತೂ ಆಡದೆ ನನ್ನ ಕೀಲಿ ಇಸಿದುಕೊಂಡ.

ಆಕ್ಟೇವಿಯಾ ಸೀಟಿನಲ್ಲಿ ಕೂತು ಎಸಿ ಹಾಕಿದೆ. ಹತ್ತು ನಿಮಿಷದಲ್ಲಿ ತಲೆನೋವು ಇಳಿಯಿತು. ಪಕ್ಕದಲ್ಲಿ ಅಪ್ಪಯ್ಯ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದರು, ಒಂದು ಚೂರೂ ಚೆಲ್ಲಲಿಲ್ಲ. ಮಿರ್ಜಾನ್ ದಾಟಿ, ಅಘನಾಶಿನಿ ದಾಟಿ ದೀವಗಿ ತಿರುವು ಬಂತು. ಅಲ್ಲಿ ಎಡಕ್ಕೆ ತಿರುಗಿದರೆ ಶಿರಸಿ ದಾರಿ. ನಾನು ಇಂಡಿಕೇಟರ್ ಹಾಕಿ ಬದಿಗೆ ನಿಲ್ಲಿಸಿದೆ. ಹಿಂದೆ ತಮ್ಮನೂ ನಿಲ್ಲಿಸಿ, ಕಿಟಕಿಯಿಂದ ತಲೆ ಹಾಕಿದ.

'ಎಂತಾ ಆತು ಅಣ್ಣಯ್ಯ?'

'ಇಳಿ. ಘಟ್ಟ ಬಂತು.'

'ಇವತ್ತೊಂದಿನ ಯಾನೇ ಹತ್ತಿಸ್ತಿ, ನೀ ಆರಾಮ ಬಾ.'

ಕೊಡಲಿಲ್ಲ. ಅಪ್ಪಯ್ಯ ಮಾತ್ರ ಆಕ್ಟೇವಿಯಾದಿಂದ ಇಳಿಯಲಿಲ್ಲ.